ಕಣಿವೆಯ ನೀರು, ಕಾದಂಬರಿಯ ನೆಲ

ಧಾರಾವಾಹಿ ಕಾದಂಬರಿಯೊಂದು ಮುಗಿಯುವ ವಾರ ಅದನ್ನು ಓದಿದ ಮನೆಗಳಲ್ಲೆಲ್ಲ ತಪ್ಪದೆ ಏಳುವ ಪ್ರಶ್ನೆಯೊಂದಿದೆ. ‘ಇದೆಲ್ಲ ನಿಜವಾಗಿ ನಡೆದದ್ದೇ?’ ಮಧ್ಯಾಹ್ನದ ಊಟ ಮುಗಿಸಿ ಪತ್ರಿಕೆ ಕೈಗೆತ್ತಿಕೊಂಡ ಗೃಹಿಣಿಯೂ ಕೇಳುತ್ತಾಳೆ, ಕಾಲೇಜಿಗೆ ಹೋಗುವ ಮಗನೂ ಕೇಳುತ್ತಾನೆ. ಕಾದಂಬರಿಗಳೆಂದರೆ ಮೂಗು ಮುರಿಯುವ ಮನೆಯ ಯಜಮಾನರೂ ಕನ್ನಡಕವನ್ನು ಒರೆಸುತ್ತ ಅದನ್ನೇ ಕೇಳುತ್ತಾರೆ. ನಾಯಕಿ ನಿಂತು ಕಣ್ಣೀರಿಟ್ಟ ಆ ದಂಡೆ ಎಲ್ಲಿದೆ? ನಾಯಕ ಹತ್ತಿ ಹೋದ ಆ ಬೆಟ್ಟದ ಹೆಸರೇನು? ಲೇಖಕ ಅಲ್ಲಿಗೆ ಹೋಗಿದ್ದನೆ, ಅಥವಾ ಕುರ್ಚಿಯಲ್ಲಿ ಕುಳಿತೇ ಎಲ್ಲವನ್ನೂ ಹೆಣೆದನೆ?

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಸರಳವಲ್ಲ. ಕಾದಂಬರಿಕಾರ ಸುಳ್ಳು ಹೇಳುವವನೆಂಬುದು ನಿಜ. ಆದರೆ ಆ ಸುಳ್ಳು ನೆಲೆಯೂರಲು ಎಲ್ಲಿಯೋ ಒಂದು ಹಿಡಿ ನಿಜವಾದ ಮಣ್ಣು ಬೇಕು. ಆ ಮಣ್ಣನ್ನು ಕೆಲವರು ಪ್ರವಾಸದಿಂದ ತರುತ್ತಾರೆ, ಕೆಲವರು ಹುಟ್ಟಿ ಬೆಳೆದ ನೆಲದಿಂದ, ಇನ್ನು ಕೆಲವರು ಹೊಟ್ಟೆಪಾಡಿನ ನೌಕರಿಯಿಂದ. ಪ್ರೇಮವೂ ಆತಂಕವೂ ಧರ್ಮಶ್ರದ್ಧೆಯೂ ಒಂದರೊಳಗೊಂದು ಹೆಣೆದುಕೊಳ್ಳುವ ಕಥೆಗಳಿಗಂತೂ ಈ ನಿಜದ ಆಸರೆ ಮತ್ತಷ್ಟು ಅವಶ್ಯಕ. ಚಿತ್ರದುರ್ಗ ಸೀಮೆಯಲ್ಲಿ ನಿಂತು ನೋಡಿದರೆ ಈ ಮಾತು ಕಲ್ಲಿನಷ್ಟೇ ಸ್ಪಷ್ಟವಾಗುತ್ತದೆ.

ಮಾರಿಯ ಕಣಿವೆ

ಹಿರಿಯೂರಿನಿಂದ ಪಶ್ಚಿಮಕ್ಕೆ ಹನ್ನೆರಡು ಮೈಲಿ ಸಾಗಿದರೆ ಒಣ ಬಯಲಿನ ನಡುವೆ ಎರಡು ಗುಡ್ಡಗಳು ಇದ್ದಕ್ಕಿದ್ದಂತೆ ಪರಸ್ಪರ ಸಮೀಪಿಸುತ್ತವೆ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ವೇದಾವತಿ ಈ ಸಂದಿಯಲ್ಲಿ ನುಸುಳಿ ಪೂರ್ವದ ಬಯಲಿಗೆ ಇಳಿಯುತ್ತಿದ್ದಳು. ಸಂದಿಯ ಬಾಯಲ್ಲಿ ಮಾರಮ್ಮನ ಗುಡಿ. ಆದುದರಿಂದ ಸ್ಥಳಕ್ಕೆ ಮಾರಿಕಣಿವೆ ಎಂಬ ಹೆಸರು. ದಾರಿಯಲ್ಲಿ ಹೋಗುವವರು ಕಣಿವೆ ಮಾರಮ್ಮನಿಗೆ ಕೈಮುಗಿಯದೆ ಮುಂದೆ ಸಾಗುವುದಿಲ್ಲ.

ಈ ಸೀಮೆಯ ಕಥೆ ಬರದ ಕಥೆ. 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವನ್ನು ಕಿತ್ತು ತಿಂದ ಕ್ಷಾಮದಲ್ಲಿ ಸಂಸ್ಥಾನದ ಐದರಲ್ಲೊಂದು ಪಾಲು ಜನ ನಾಶವಾದರೆಂದು ಅಂದಾಜು. ಆ ನೆನಪು ಹಳೆಯದಾಗುವ ಮುನ್ನವೇ, 1894ರ ಡಿಸೆಂಬರಿನಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾದರು. ಎಳೆಯ ರಾಜಕುಮಾರನ ಪರವಾಗಿ ರಾಜ್ಯಭಾರದ ಹೊಣೆ ಹೊತ್ತವರು ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ, ಕಣಿವೆಗೆ ಅಡ್ಡಲಾಗಿ ಕಟ್ಟೆಯ ಕೆಲಸ ಆರಂಭವಾಯಿತು. ಕಲ್ಲು, ಸುಣ್ಣ, ಸುರ್ಕಿಗಳಿಂದ ಎದ್ದ ಆ ಗೋಡೆ 1907ರಲ್ಲಿ ಪೂರ್ಣಗೊಂಡಿತು. ಕೃಷ್ಣರಾಜಸಾಗರಕ್ಕೆ ಇನ್ನೂ ಅಡಿಗಲ್ಲು ಬಿದ್ದಿರದಿದ್ದ ದಿನಗಳವು. ಜಲಾಶಯಕ್ಕೆ ಮಹಾರಾಣಿಯವರ ಹೆಸರೇ ಬಂದು ಅದು ವಾಣೀವಿಲಾಸಸಾಗರವೆನಿಸಿತು. ಆದರೆ ಊರಿನವರ ನಾಲಿಗೆಯಲ್ಲಿ ಮಹಾರಾಣಿಗಿಂತ ಮಾರಮ್ಮನೇ ಹಿರಿಯಳು. ಇಂದಿಗೂ ಅದು ಮಾರಿಕಣಿವೆಯೇ.

130 ಅಡಿ ನೀರು ನಿಂತಾಗ ಜಲಾಶಯ ತುಂಬಿತೆಂದು ಲೆಕ್ಕ. ಆಗ ಅದರೊಳಗೆ ಸುಮಾರು 30 ಟಿ.ಎಂ.ಸಿ. ನೀರಿರುತ್ತದೆ. ಆದರೆ ಮಳೆ ಅಪರೂಪವಾದ ನಾಡಿನಲ್ಲಿ ಹೊಟ್ಟೆ ತುಂಬ ನೀರು ಕಾಣುವುದು ಜಲಾಶಯಕ್ಕೂ ಅಪರೂಪವೇ. 1933ರಲ್ಲಿ ಕೋಡಿ ಬಿದ್ದ ನೀರನ್ನು ಕಂಡ ಮಕ್ಕಳು ಮುದುಕರಾಗಿ ಕಣ್ಮುಚ್ಚಿದರು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಅನಂತರ, 2022ರ ಸೆಪ್ಟೆಂಬರಿನಲ್ಲಿ. ಆ ದಿನಗಳಲ್ಲಿ ಹಿರಿಯೂರು ಸೀಮೆಯ ಜನ ಬಂಡಿ, ಬಸ್ಸು, ಮೋಟಾರು ಸೈಕಲ್ಲುಗಳಲ್ಲಿ ಜಾತ್ರೆಗೆ ಬಂದಂತೆ ಬಂದು ಕೋಡಿಯ ನೀರಿಗೆ ಅರಿಶಿನ ಕುಂಕುಮ ಎರಚಿದರು. ಮೇಲ್ಭಾಗದ ಹೊಸದುರ್ಗ ತಾಲೂಕಿನಲ್ಲಾದರೋ ಅದೇ ನೀರು ಹಿನ್ನೀರಾಗಿ ತೋಟಗಳೊಳಗೆ ನುಗ್ಗಿತ್ತು. ಒಂದೇ ನೀರು ಕೆಳಗಿನವರಿಗೆ ಹಬ್ಬ, ಮೇಲಿನವರಿಗೆ ಆತಂಕ. 2025ರ ಜನವರಿಯಲ್ಲಿ ಕಟ್ಟೆ ಮತ್ತೊಮ್ಮೆ ತುಂಬಿತು. ಹಬ್ಬವೂ ಆತಂಕವೂ ಮತ್ತೊಮ್ಮೆ ಜೊತೆಯಾಗಿಯೇ ಬಂದವು.

ಕಾದಂಬರಿಗೆ ಬೇಕಾದುದೆಲ್ಲ ಇಲ್ಲಿದೆಯೆಂದು ಯಾರಿಗಾದರೂ ಅನ್ನಿಸದೆ ಇರದು. ವೈಧವ್ಯದ ದುಃಖದಲ್ಲಿ ರಾಜ್ಯಭಾರ ಹೊತ್ತ ಮಹಾರಾಣಿ, ದೂರದೂರುಗಳಿಂದ ಕೂಲಿಗೆ ಬಂದು ಕಣಿವೆಯಲ್ಲಿ ಗುಡಿಸಲು ಹಾಕಿದ ಕಲ್ಲುಕುಟಿಗರು, ನೀರಿನಡಿ ಸೇರಿದ ಹಳ್ಳಿಗಳು, ಎಲ್ಲಕ್ಕೂ ಸಾಕ್ಷಿಯಾದ ದೇವಿ. ಆದರೆ ಸಾಮಗ್ರಿ ಇದ್ದ ಮಾತ್ರಕ್ಕೆ ಕೃತಿ ಹುಟ್ಟುವುದಿಲ್ಲ. ಅದು ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯಲು ಮೊದಲು ಸ್ವಲ್ಪ ದೂರ ಹೋಗಿ ಬರಬೇಕು.

ಕಾಣದೆ ಬರೆದವನು, ಕಂಡು ಬರೆದವನು

ಕ್ರೈಸ್ತ ಶ್ರದ್ಧೆಯನ್ನೂ ಪ್ರೇಮವನ್ನೂ ರೋಮಾಂಚಕ ಘಟನೆಗಳನ್ನೂ ಒಂದೇ ಎಳೆಯಲ್ಲಿ ಪೋಣಿಸಿ ಜಗತ್ಪ್ರಸಿದ್ಧವಾದ ಕಾದಂಬರಿಗಳಲ್ಲಿ ಎರಡು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೇರಿದವು. 1880ರಲ್ಲಿ ಪ್ರಕಟವಾದ ‘ಬೆನ್ ಹರ್’ ಅಮೆರಿಕದ ಸೇನಾನಿ ಲ್ಯೂ ವಾಲೆಸ್‌ನ ಕೃತಿ. ಸ್ನೇಹಿತನ ದ್ರೋಹಕ್ಕೆ ಸಿಕ್ಕಿ ಹಡಗಿನ ಹುಟ್ಟು ಹಾಕುವ ಗುಲಾಮನಾದ ಯೆಹೂದಿ ಯುವಕನ ಕಥೆ ಅದು. ಸೇಡು ತೀರಿಸಿಕೊಳ್ಳಲು ಹೊರಟವನ ದಾರಿಗೆ ಯೇಸುವಿನ ಬಾಳು ಅಡ್ಡ ಬರುತ್ತದೆ. ವಿಚಿತ್ರವೆಂದರೆ, ಅದನ್ನು ಬರೆಯುವಾಗ ವಾಲೆಸ್ ಪವಿತ್ರ ಭೂಮಿಯನ್ನು ಕಂಡೇ ಇರಲಿಲ್ಲ. ಭೂಪಟಗಳನ್ನು ಹರವಿಕೊಂಡು, ಗ್ರಂಥಾಲಯಗಳಲ್ಲಿ ಕುಳಿತು, ಬೆಟ್ಟ ಯಾವ ದಿಕ್ಕಿಗೆ, ಹಳ್ಳ ಎಷ್ಟು ದೂರಕ್ಕೆ ಎಂದು ಲೆಕ್ಕ ಹಾಕಿ ಬರೆದ. ಆಗ ಅವನು ನ್ಯೂ ಮೆಕ್ಸಿಕೋ ಪ್ರಾಂತದ ಗವರ್ನರಾಗಿದ್ದ. ಕಾದಂಬರಿಯ ಕೊನೆಯ ಭಾಗ ಮುಗಿದದ್ದು ಆ ಮರಳುಗಾಡಿನ ಸರ್ಕಾರಿ ಭವನದಲ್ಲಿಯೇ. ಮುಂದೆ ತುರ್ಕಿಯ ಸುಲ್ತಾನನ ಆಸ್ಥಾನಕ್ಕೆ ಅಮೆರಿಕದ ಪ್ರತಿನಿಧಿಯಾಗಿ ಹೋದಾಗ ಅವನಿಗೆ ಜೆರೂಸಲೇಮನ್ನು ನೋಡುವ ಯೋಗ ಬಂತು. ತಾನು ಬರೆದ ದಾರಿಗಳಲ್ಲಿ ನಡೆದು ನೋಡಿ, ಬದಲಾಯಿಸಬೇಕಾದುದು ಏನೂ ಇಲ್ಲವೆಂದು ತೃಪ್ತಿಪಟ್ಟನಂತೆ.

ಇನ್ನೊಬ್ಬ ಪೋಲೆಂಡಿನ ಹೆನ್ರಿಕ್ ಸಿಯೆಂಕಿವಿಚ್. ರೋಮ್ ನಗರಕ್ಕೆ ಹೋಗಿದ್ದಾಗ ಚಿತ್ರಕಾರ ಮಿತ್ರ ಸೆಮಿರಾಡ್‌ಸ್ಕಿ ಅವನನ್ನು ಆಪಿಯನ್ ಹೆದ್ದಾರಿಯ ಬದಿಯ ಪುಟ್ಟ ಪ್ರಾರ್ಥನಾಮಂದಿರವೊಂದಕ್ಕೆ ಕರೆದೊಯ್ದ. ನೀರೋ ಚಕ್ರವರ್ತಿಯ ಹಿಂಸೆಗೆ ಅಂಜಿ ನಗರ ಬಿಟ್ಟು ಓಡುತ್ತಿದ್ದ ಸಂತ ಪೇತ್ರನಿಗೆ ಯೇಸು ಎದುರಾದದ್ದು ಅಲ್ಲಿಯೇ ಎಂದು ಐತಿಹ್ಯ. ‘ಎಲ್ಲಿಗೆ ಹೊರಟೆ, ಪ್ರಭು?’ ಎಂಬ ಪೇತ್ರನ ಪ್ರಶ್ನೆಯೇ ಕಾದಂಬರಿಯ ಹೆಸರಾಯಿತು—‘ಕ್ವೋ ವಾಡಿಸ್’. ರೋಮಿನ ಯುವ ಸೇನಾನಿ ವಿನೀಶಿಯಸ್ ಕ್ರೈಸ್ತ ಕನ್ಯೆ ಲೀಗಿಯಳನ್ನು ಪ್ರೀತಿಸುವ ಕಥೆಗೆ ಬೆಂಕಿಯ ರೋಮ್ ಹಿನ್ನೆಲೆ. ಈ ಕಾದಂಬರಿಯೂ ಪುಸ್ತಕವಾಗುವ ಮೊದಲು, 1895ರಲ್ಲಿ, ಪತ್ರಿಕೆಯಲ್ಲಿ ಧಾರಾವಾಹಿಯಾಗಿಯೇ ಜನರನ್ನು ತಲುಪಿತು. ಆಗ ಪೋಲೆಂಡ್ ಭೂಪಟದಲ್ಲಿ ಇರಲಿಲ್ಲ. ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡು ನುಂಗಿದ್ದವು. ಸೆರೆಯಲ್ಲಿ ಸಿಕ್ಕರೂ ಶ್ರದ್ಧೆ ಬಿಡದ ಲೀಗಿಯಳಲ್ಲಿ ಪೋಲಿಷ್ ಓದುಗರು ತಮ್ಮ ನಾಡನ್ನೇ ಕಂಡರು. 1905ರಲ್ಲಿ ಲೇಖಕನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಒಬ್ಬ ಕಾಣದೆ ಬರೆದ, ಇನ್ನೊಬ್ಬ ಕಂಡು ಬರೆದ, ಇಬ್ಬರೂ ಗೆದ್ದರು. ಹಾಗಾದರೆ ಪ್ರವಾಸಕ್ಕೆ ಬೆಲೆಯೆಲ್ಲಿ ಎಂದು ಕೇಳಬಹುದು. ವಾಲೆಸ್ ಭೂಪಟದಿಂದ ಸ್ಥಳವನ್ನು ಪಡೆದ. ಆದರೆ ಯುದ್ಧರಂಗದ ಧೂಳು, ಸೈನ್ಯದ ಸ್ನೇಹ ದ್ವೇಷಗಳು, ಒಂದು ಕ್ಷಣದಲ್ಲಿ ಬಾಳು ತಿರುಗಿಬೀಳುವ ಬಗೆ, ಇವು ಅವನಿಗೆ ಯಾವ ಭೂಪಟದಿಂದಲೂ ಬರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಅವನ ಬಾಳಿನಿಂದಲೇ ಬಂದವು. ಸಿಯೆಂಕಿವಿಚ್‌ಗೆ ಆ ಮಂದಿರ ಕಥೆಯನ್ನು ಕೊಡಲಿಲ್ಲ, ಕಿಡಿಯನ್ನು ಕೊಟ್ಟಿತು. ಹೊತ್ತಿಕೊಂಡದ್ದು ತನ್ನ ನಾಡಿನ ಬಗೆಗಿನ ನೋವು. ಅನುಭವವೆಂದರೆ ಕಣ್ಣು ಕಂಡದ್ದಷ್ಟೇ ಅಲ್ಲ, ಕರುಳು ಕಂಡದ್ದು.

ಕನ್ನಡದಲ್ಲಿಯೂ ಇದಕ್ಕೆ ನಿದರ್ಶನಗಳಿಗೆ ಕೊರತೆಯಿಲ್ಲ. ದಕ್ಷಿಣ ಕನ್ನಡದ ಕಾಡುಮೇಡುಗಳಲ್ಲಿ ಅಲೆದ ಶಿವರಾಮ ಕಾರಂತರ ‘ಬೆಟ್ಟದ ಜೀವ’ದಲ್ಲಿ ಕುಮಾರಪರ್ವತದ ತಪ್ಪಲಿನ ದಾರಿಯೂ ಅಲ್ಲಿ ಬೇರೂರಿದ ವೃದ್ಧ ದಂಪತಿಗಳ ಆತಿಥ್ಯವೂ ದೂರ ಹೋದ ಮಗನ ಕೊರಗೂ ಒಂದಾಗಿ ಬೆರೆತಿವೆ. ಆದರೆ ಮಾರಿಕಣಿವೆಯ ಪಕ್ಕದಲ್ಲಿಯೇ ಇರುವ ನಿದರ್ಶನಕ್ಕೆ ಬರುವುದು ಉಚಿತ.

ದುರ್ಗದ ಕಲ್ಲಿನಿಂದ ಎದ್ದ ಕಥೆಗಳು

ಚಿತ್ರದುರ್ಗವೆಂದೊಡನೆ ಕನ್ನಡಿಗರಿಗೆ ನೆನಪಾಗುವ ಕಾದಂಬರಿಕಾರ ತ.ರಾ.ಸು.—ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಅವರು ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಮನೆತನದ ಬೇರು ಚಳ್ಳಕೆರೆ ತಾಲೂಕಿನ ತಳುಕಿನಲ್ಲಿ. ಕನ್ನಡದ ಹಿರಿಯ ಪ್ರಾಧ್ಯಾಪಕ ಟಿ. ಎಸ್. ವೆಂಕಣ್ಣಯ್ಯನವರು ದೊಡ್ಡಪ್ಪ, ತ. ಸು. ಶಾಮರಾಯರು ಚಿಕ್ಕಪ್ಪ. ವಿದ್ವತ್ತು ಮನೆಯಲ್ಲಿಯೇ ಇತ್ತು. ಆದರೆ ಹುಡುಗ ಹಿಡಿದದ್ದು ವಿದ್ವತ್ತಿನ ದಾರಿಯನ್ನಲ್ಲ. 1942ರ ಚಳವಳಿಯಲ್ಲಿ ಸೆರೆಮನೆ, ಅನಂತರ ಪತ್ರಿಕಾವೃತ್ತಿ, ಪ್ರಗತಿಶೀಲರ ಸಹವಾಸ, ಕೊನೆಗೆ ಲೇಖನಿಯನ್ನೇ ನಂಬಿದ ಬದುಕು.

ದುರ್ಗದ ಏಳುಸುತ್ತಿನ ಕೋಟೆಯನ್ನು ಒಮ್ಮೆ ಹತ್ತಿಳಿದವರಿಗೆ ಗೊತ್ತು, ಅಲ್ಲಿ ಕಲ್ಲಿಗೂ ಮಾತಿದೆ. ಬಂಡೆಯಿಂದ ಬಂಡೆಗೆ ಬೆಸೆದ ಗೋಡೆ, ತಿರುವು ತಿರುವಿಗೆ ಬಾಗಿಲು, ಅಕ್ಕ-ತಂಗಿ ಹೊಂಡ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಒನಕೆಯ ಓಬವ್ವ ವೈರಿಗಳನ್ನು ಬಡಿದಳೆಂಬ ಕಿಂಡಿ. ಬೇರೆಯವರು ಒಂದು ಭಾನುವಾರ ನೋಡಿ ಹೋಗುವ ಈ ಕೋಟೆಯನ್ನು ತ.ರಾ.ಸು. ಬಾಳಿನುದ್ದಕ್ಕೂ ನೋಡಿದರು. ಹುಲ್ಲೂರು ಶ್ರೀನಿವಾಸ ಜೋಯಿಸರಂಥ ಸಂಶೋಧಕರು ಓಲೆ, ಬಖೈರು, ಶಾಸನಗಳಿಂದ ಹೆಕ್ಕಿ ತೆಗೆದ ದುರ್ಗದ ಇತಿಹಾಸ ಒಂದು ಕಡೆ, ಊರಿನ ಹಿರಿಯರ ಬಾಯಲ್ಲಿ ಉಳಿದ ಮಾತುಗಳು ಇನ್ನೊಂದು ಕಡೆ. ಎರಡರ ನಡುವೆ ಕಾಲಿಗೆ ತಾಗಿದ ಕಲ್ಲು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಕಾದಂಬರಿಗಳು ಹದಿನೇಳನೆಯ ಶತಮಾನದ ದುರ್ಗದ ಅರಮನೆಯನ್ನು, ದಳವಾಯಿ ಮುದ್ದಣ್ಣನ ಅಧಿಕಾರದಾಹವನ್ನು, ರಾಣಿವಾಸದ ಕಣ್ಣೀರನ್ನು ಓದುಗರ ಮುಂದೆ ತಂದವು. ಕತ್ತಲಲ್ಲಿ ಯಾವ ಬಾಗಿಲಿನಿಂದ ಯಾರು ಬರುವರೋ ಎಂಬ ಆತಂಕ ಅವುಗಳ ಜೀವಾಳ. ಕೋಟೆಯ ಬಾಗಿಲುಗಳನ್ನು ಎಣಿಸಿ ನಡೆದವನಿಗೆ ಮಾತ್ರ ಅಂಥ ಆತಂಕವನ್ನು ಕಟ್ಟಲು ಸಾಧ್ಯ.

1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಕೊನೆಯ ಮದಕರಿ ನಾಯಕನ ಆಳ್ವಿಕೆ ಮುಗಿಯಿತು. ಆ ಪತನದ ಕಥೆಯನ್ನು ಬರೆಯಲು ತ.ರಾ.ಸು. ಬಹುಕಾಲ ಕಾದರು. ‘ದುರ್ಗಾಸ್ತಮಾನ’ ಹೊರಬಂದದ್ದು 1982ರಲ್ಲಿ. 1984ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಕೃತಿಗೆ ಬಂದಾಗ ಅದನ್ನು ಸ್ವೀಕರಿಸಲು ಅವರು ಇರಲಿಲ್ಲ. ತಾನು ಪ್ರೀತಿಸಿದ ಊರಿನ ಅಸ್ತಮಾನವನ್ನು ಬರೆಯುವುದು ಯಾರಿಗೂ ಸುಲಭದ ಕೆಲಸವಲ್ಲ.

ಐತಿಹ್ಯದ ಗಾಯಕ

ಆದರೆ ಒಂದು ಊರಿನ ಐತಿಹ್ಯ ಕಾದಂಬರಿಯಾಗಿ ಲೋಕಯಾತ್ರೆ ಮಾಡಿದ ಬಗೆಗೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ‘ಹಂಸಗೀತೆ’. ದುರ್ಗದಲ್ಲಿ ಭೈರವಿ ವೆಂಕಟಸುಬ್ಬಯ್ಯನೆಂಬ ಸಂಗೀತಗಾರನಿದ್ದನೆಂದೂ ಭೈರವಿ ರಾಗ ಅವನಿಗೆ ಒಲಿದಿತ್ತೆಂದೂ ದೇವರಿಗಾಗಿ ಹಾಡುವ ಕಂಠವನ್ನು ಅರಸನ ಅಪ್ಪಣೆಗೆ ಒಪ್ಪಿಸಲಾರದೆ ನಾಲಿಗೆಯನ್ನೇ ಕತ್ತರಿಸಿಕೊಂಡನೆಂದೂ ಆ ಸೀಮೆಯ ಮಾತು. ಅಷ್ಟೇ ದೊರೆತದ್ದು, ಉಳಿದುದನ್ನು ತ.ರಾ.ಸು. ಕಟ್ಟಿದರು. ಅಹಂಕಾರದ ಶಿಷ್ಯ, ಕಠೋರ ಸಾಧನೆ, ಪ್ರೇಮ, ಪತನ, ಮತ್ತೆ ಏಳುವಿಕೆ, ಕೊನೆಯ ಮೌನ—ಓದುಗ ಉಸಿರು ಬಿಗಿಹಿಡಿದು ಕಾಯುವಂಥ ಕಥೆ.

ಇದೇ ಕಥೆ 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಯಿತು; ಅದರಲ್ಲಿ ಗದುಗಿನ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಜೊತೆಯಾಗಿ ಹಾಡಿದ ಹಾಡು ದೇಶದ ಮನೆಮನೆಯನ್ನೂ ತಲುಪಿತು. 1975ರಲ್ಲಿ ಜಿ. ವಿ. ಅಯ್ಯರ್ ಕನ್ನಡದಲ್ಲಿ ‘ಹಂಸಗೀತೆ’ಯನ್ನು ಚಿತ್ರಿಸಿದಾಗ ಗಾಯಕನ ಪಾತ್ರ ಅನಂತನಾಗ್ ಅವರದು, ಕಂಠ ಬಾಲಮುರಳೀಕೃಷ್ಣರದು. ಚಿತ್ರಕ್ಕೂ ಕಂಠಕ್ಕೂ ರಾಷ್ಟ್ರಪ್ರಶಸ್ತಿಗಳು ಬಂದವು.

ಇಲ್ಲಿ ಒಂದು ಅಪಾಯವೂ ಇದೆ. ಕಾದಂಬರಿ ಗೆದ್ದಾಗ ಐತಿಹ್ಯ ಸೋಲುತ್ತದೆ. ಊರಿನ ಮುದುಕರು ಹೇಳುತ್ತಿದ್ದ ವೆಂಕಟಸುಬ್ಬಯ್ಯ ಮರೆಯಾಗಿ ತ.ರಾ.ಸು. ಕಂಡ ವೆಂಕಟಸುಬ್ಬಯ್ಯನೇ ನಿಜವಾಗುತ್ತಾನೆ. ಕೋಟೆ ನೋಡಲು ಬಂದವರು ಇತಿಹಾಸವನ್ನೂ ಕಾದಂಬರಿಯನ್ನೂ ಚಿತ್ರದ ದೃಶ್ಯವನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಾರೆ. ಇದು ಲೇಖಕನ ತಪ್ಪಲ್ಲ, ಅವನ ಶಕ್ತಿ; ಆದರೆ ಸತ್ತವರು ಬಂದು ‘ನಾನು ಹಾಗಿರಲಿಲ್ಲ’ ಎಂದು ಹೇಳಲಾರರು. ಆದುದರಿಂದ ಅವರ ಬಾಳನ್ನು ಎತ್ತಿಕೊಳ್ಳುವವನ ಕೈ ಹದವಾಗಿರಬೇಕು. ಕಲೆಗಾರನ ಸ್ವಾಭಿಮಾನವನ್ನು ಎತ್ತಿ ಹಿಡಿದ ‘ಹಂಸಗೀತೆ’ಯ ಕೈ ಹಾಗೆ ಹದವಾಗಿತ್ತು.

ಮಾರ್ಗರೆಟ್ ಎಂಬ ಹುಡುಗಿ

ಇದೇ ದುರ್ಗದ ಬೀದಿಗಳಲ್ಲಿ ಕ್ರೈಸ್ತ ಕನ್ಯೆಯೊಬ್ಬಳ ಪ್ರೇಮಕಥೆಯೂ ಹುಟ್ಟಿತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರವನ್ನು ನಿರ್ದೇಶಿಸಿದ ಕಥೆ ಎಲ್ಲರಿಗೂ ಗೊತ್ತು. ಆಚಾರವಂತ ಮನೆಯಲ್ಲಿ ಹುಟ್ಟಿದ ಮುಂಗೋಪಿ ಹುಡುಗ ರಾಮಾಚಾರಿ. ಅವನನ್ನು ಮಗನಂತೆ ಕಾಣುವ ಚಾಮಯ್ಯ ಮೇಷ್ಟ್ರು. ಗುರುವಿನ ಮಾತಿಗೆ ಕಟ್ಟುಬಿದ್ದು ಅವನು ಕಳೆದುಕೊಂಡ ಅಲಮೇಲು. ಅನಂತರ ಬಂದ ಮಾರ್ಗರೆಟ್. ವಿಷ್ಣುವರ್ಧನ್ ಎಂಬ ಹೊಸ ಮುಖ ರಾತ್ರಿ ಬೆಳಗಾಗುವುದರೊಳಗೆ ನಾಡಿನ ಕಣ್ಮಣಿಯಾಯಿತು. ದುರ್ಗದ ಬಂಡೆಗಳು ಕಥೆಯ ಪಾತ್ರಗಳಷ್ಟೇ ಪ್ರಸಿದ್ಧವಾದವು. ಚಿತ್ರದ ಕೊನೆಗೆ ಆ ಬಂಡೆಗಳೇ ಗುರುವನ್ನೂ ಪ್ರೇಮಿಗಳನ್ನೂ ನುಂಗುತ್ತವೆ. ತಮ್ಮ ಕಾದಂಬರಿಗಳಿಗೆ ತೆರೆಯ ಮೇಲೆ ಬಂದ ರೂಪದ ವಿಷಯದಲ್ಲಿ ಲೇಖಕರಿಗೆ ಅಸಮಾಧಾನವಿತ್ತೆಂಬುದೂ ಗುಟ್ಟಲ್ಲ.

ಮಾರ್ಗರೆಟ್‌ಳ ಕಥೆಯಲ್ಲಿ ಪ್ರಶ್ನೆ ಮತಾಂತರದ್ದಲ್ಲ, ಮನೆಯದು. ಎರಡು ಮನೆಗಳಲ್ಲಿ ಯಾವುದೂ ಬಾಗಿಲು ತೆರೆಯದಿದ್ದರೆ ಪ್ರೇಮಿಗಳು ನಿಲ್ಲುವುದೆಲ್ಲಿ? ದುರ್ಗದಂಥ ಊರಿನಲ್ಲಿ ಎಲ್ಲರಿಗೂ ಎಲ್ಲರ ಮನೆಯ ವಿಚಾರ ಗೊತ್ತು. ಏಕಾಂತವೆಂಬುದು ಬೆಟ್ಟದ ಮೇಲೆ ಮಾತ್ರ. ಆದುದರಿಂದಲೇ ಕಥೆ ಮತ್ತೆ ಮತ್ತೆ ಬೆಟ್ಟ ಹತ್ತುತ್ತದೆ. ಸ್ಥಳ ಇಲ್ಲಿ ಅಲಂಕಾರವಲ್ಲ, ಕಾರಣ. ಆದರೂ ಮಾರ್ಗರೆಟ್‌ಳನ್ನು ಓದುಗ ನೋಡುವುದು ಹೊರಗಿನಿಂದ, ರಾಮಾಚಾರಿಯ ಕಣ್ಣಿನಿಂದ. ಅವಳ ಮನೆಯ ಒಳಗೆ ಸಂಜೆಯ ಪ್ರಾರ್ಥನೆ ಹೇಗಿತ್ತು, ಭಾನುವಾರ ಇಗರ್ಜಿಯಿಂದ ಮರಳಿದ ತಾಯಿ ಯಾವ ಚಿಂತೆಯಲ್ಲಿದ್ದಳು, ಮಗಳು ಅನ್ಯಮತದವನ ಕೈಹಿಡಿದಾಗ ಆ ಮನೆ ಏನನ್ನು ಕಳೆದುಕೊಂಡಿತು—ಇದನ್ನು ಒಳಗಿನಿಂದ ಹೇಳಲು ಇನ್ನೊಬ್ಬ ಲೇಖಕ ಬೇಕಿತ್ತು. ಅಂಥವರೊಬ್ಬರು ದುರ್ಗದಿಂದ ಪಶ್ಚಿಮಕ್ಕೆ, ಸಾಗರದ ಕಾಡಿನಲ್ಲಿ, ಸರ್ಕಾರಿ ಕಚೇರಿಯೊಂದರಲ್ಲಿ ಕಾಗದಗಳ ನಡುವೆ ಕುಳಿತಿದ್ದರು.

ಮುಳುಗಡೆಯ ಗುಮಾಸ್ತ

ನಾ. ಡಿಸೋಜ ಅವರು ಹುಟ್ಟಿದ್ದು 1937ರ ಜೂನ್ 6ರಂದು, ಸಾಗರದಲ್ಲಿ. ಮನೆಯ ಮಾತು ಕೊಂಕಣಿ, ಮನೆಯ ಮತ ಕ್ರೈಸ್ತ, ಬರೆಹದ ಮಾತು ಕನ್ನಡ. ಲೋಕೋಪಯೋಗಿ ಇಲಾಖೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಶರಾವತಿ ಯೋಜನೆಯ ಕಾಲ ಅದು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಪೂರ್ಣವಾಯಿತು. 1819 ಅಡಿಯವರೆಗೆ ನಿಲ್ಲುವ ಆ ನೀರಿನಡಿ ಅಡಕೆ ತೋಟಗಳು, ಗದ್ದೆಗಳು, ಗುಡಿಗಳು, ತಲೆಮಾರುಗಳ ಮನೆಗಳು ಮುಳುಗಿದವು. ಅಷ್ಟೇಕೆ, ಅದೇ ನದಿಗೆ ಮೊದಲು ಕಟ್ಟಿದ್ದ ಹಿರೇಭಾಸ್ಕರ ಕಟ್ಟೆಯೂ ಮುಳುಗಿತು; ನೀರು ತೀರ ಇಳಿದ ವರ್ಷಗಳಲ್ಲಿ ಅದು ತಲೆಯೆತ್ತಿ ನೋಡುವುದುಂಟು. ಕಟ್ಟೆಯನ್ನೇ ನುಂಗಿದ ಕಟ್ಟೆ!

ಇಂಥ ಯೋಜನೆಯ ಕಚೇರಿಯಲ್ಲಿ ಕುಳಿತ ಗುಮಾಸ್ತನ ಮುಂದೆ ಎರಡು ಬಗೆಯ ಲೋಕಗಳು ಬಂದು ನಿಲ್ಲುತ್ತವೆ. ಒಂದು ಕಾಗದದ ಲೋಕ: ಸರ್ವೆ ನಂಬರು, ಎಕರೆ, ಗುಂಟೆ, ಪರಿಹಾರದ ಮೊತ್ತ. ಇನ್ನೊಂದು ಆ ಕಾಗದವನ್ನು ಹಿಡಿದು ಬಂದ ಮನುಷ್ಯನ ಲೋಕ: ನೆಟ್ಟ ತೆಂಗು, ಸತ್ತ ತಂದೆಯನ್ನು ಸುಟ್ಟ ಜಾಗ, ಬಿಟ್ಟು ಬರಲಾರದ ದೈವ. ಮೊದಲನೆಯ ಲೋಕವನ್ನು ಬರೆದಿಡುವುದು ನೌಕರಿ. ಎರಡನೆಯದನ್ನು ಬರೆದಿಡಲು ಯಾರೂ ಸಂಬಳ ಕೊಡುವುದಿಲ್ಲ. ಡಿಸೋಜ ಅದನ್ನು ಕಾದಂಬರಿಗಳಲ್ಲಿ ಬರೆದಿಟ್ಟರು.

‘ದ್ವೀಪ’ದಲ್ಲಿ ಕಟ್ಟೆಯ ನೀರು ದಿನದಿನಕ್ಕೂ ಏರುತ್ತದೆ. ಊರವರೆಲ್ಲ ಬಿಟ್ಟು ಹೋಗಿದ್ದಾರೆ. ಸರಿಯಾದ ಪರಿಹಾರ ಸಿಗದ ಗಣಪಯ್ಯನ ಸಂಸಾರ ಮಾತ್ರ ಗುಡ್ಡದ ಮೇಲಿನ ಮನೆಯಲ್ಲಿ ಉಳಿದಿದೆ. ಹೆಂಡತಿ ನಾಗವೇಣಿಗೆ ತವರಿನ ಬಳಗದಿಂದ ಬಂದ ಯುವಕನೊಬ್ಬ ನೆರವಾಗುತ್ತಾನೆ. ಗಂಡನ ಎದೆಯಲ್ಲಿ ಸಂಶಯದ ನೀರೂ ಏರತೊಡಗುತ್ತದೆ. ಹೊರಗೆ ಮಳೆ, ಸುತ್ತ ನೀರು, ಒಳಗೆ ಮೌನ. ಪತ್ತೇದಾರನಿಲ್ಲ, ಕೊಲೆಯಿಲ್ಲ, ಪಿಸ್ತೂಲಿಲ್ಲ. ಆದರೂ ಓದುಗನಿಗೆ ಪುಸ್ತಕ ಕೆಳಗಿಡಲಾಗದ ಆತಂಕ. ನೀರು ಎಷ್ಟು ದಿನಕ್ಕೆ ಎಷ್ಟು ಏರುತ್ತದೆಂದು ತಿಳಿದವರ ಲೇಖನಿಗೆ ಮಾತ್ರ ಒಲಿಯುವ ಆತಂಕ ಅದು. ಗಿರೀಶ ಕಾಸರವಳ್ಳಿಯವರು ಇದನ್ನು ಚಿತ್ರವಾಗಿಸಿದರು, ಸೌಂದರ್ಯ ನಾಗವೇಣಿಯಾದರು, ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದುಂಟು. ಕ್ರೈಸ್ತ ಲೇಖಕ ಬರೆದ ಈ ಕಥೆಯ ಸಂಸಾರ ಮಲೆನಾಡಿನ ಬ್ರಾಹ್ಮಣ ಸಂಸಾರ. ನೆರೆಮನೆಯವರ ಅಡುಗೆಮನೆಯ ಮಾತನ್ನೂ ದೇವರಮನೆಯ ಭಯವನ್ನೂ ಅವರು ಅಷ್ಟು ನಿಕಟವಾಗಿ ಬಲ್ಲವರಾಗಿದ್ದರು. ಅದೇ ಕೈಯಿಂದ ‘ಇಗರ್ಜಿ ಸುತ್ತಲಿನ ಹತ್ತು ಮನೆಗಳು’ ಕೂಡ ಬಂತು. ಮಲೆನಾಡಿನ ಊರೊಂದರಲ್ಲಿ ಇಗರ್ಜಿಯ ಸುತ್ತ ನೆಲೆಯೂರಿದ ಕ್ರೈಸ್ತ ಕುಟುಂಬಗಳ ಬಾಳನ್ನು ಅದು ಒಳಗಿನಿಂದ ತೆರೆದು ತೋರಿಸಿತು. ಅಲ್ಲಿಯ ಕ್ರೈಸ್ತರು ಕಥೆಗೆ ಬಣ್ಣ ಕೊಡಲು ಬಂದ ಅತಿಥಿಗಳಲ್ಲ. ಸಾಲ, ಸಂಬಂಧ, ಜಗಳ, ಮದುವೆ, ಮಸಣಗಳಿರುವ ಮನೆಯ ಜನ. ಶ್ರದ್ಧೆ ಅವರಿಗೆ ಉಪದೇಶದ ವಸ್ತುವಲ್ಲ, ಉಸಿರಾಟ. ಪವಾಡವನ್ನು ತೋರಿಸದೆಯೂ ಧರ್ಮವನ್ನು ಕಾದಂಬರಿಯಲ್ಲಿ ತೋರಿಸಬಹುದೆಂಬುದಕ್ಕೆ ಇದು ನಿದರ್ಶನ.

ಮಕ್ಕಳಿಗಾಗಿ ಅವರು ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಕೇಳಿಬಂದಾಗ ಎಂಬತ್ತು ದಾಟಿದ್ದ ಈ ವೃದ್ಧರು ಶರಾವತಿಯ ಪರವಾಗಿ ಬೀದಿಗಿಳಿದರು. ಯೌವನದಲ್ಲಿ ಕಂಡ ಮುಳುಗಡೆ ಮುಪ್ಪಿನಲ್ಲಿಯೂ ಅವರನ್ನು ಬಿಟ್ಟಿರಲಿಲ್ಲ. 2025ರ ಜನವರಿಯಲ್ಲಿ ಅವರು ಕಾಲವಾದರು. ಅತ್ತ ಮಾರಿಕಣಿವೆ ಕೋಡಿ ಬಿದ್ದದ್ದೂ ಅದೇ ತಿಂಗಳಿನಲ್ಲಿ.

ನೆಲದ ಋಣ

ಇಷ್ಟೆಲ್ಲ ನೋಡಿದ ಮೇಲೆ ಮನೆಮನೆಯ ಆ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯ. ‘ಇದು ನಿಜವಾಗಿ ನಡೆದದ್ದೇ?’ ಎಂದರೆ, ಹಾಗೆಯೇ ನಡೆದದ್ದಲ್ಲ. ಆದರೆ ನಡೆದುದರ ಹೊರತು ಅದು ಹುಟ್ಟುತ್ತಿರಲಿಲ್ಲ. ಕಾದಂಬರಿಕಾರನಿಗೆ ನೆಲ ಮೂರು ಬಗೆಯಲ್ಲಿ ಸಾಮಗ್ರಿ ಕೊಡುತ್ತದೆ. ಕಂಡದ್ದು ಒಂದು, ಅದರಿಂದ ಸ್ಥಳ ನಿಜವಾಗುತ್ತದೆ. ಕೇಳಿದ್ದು ಇನ್ನೊಂದು, ಅದರಿಂದ ಮನುಷ್ಯರು ನಿಜವಾಗುತ್ತಾರೆ. ಮೂರನೆಯದು ಅವನು ತಾನೇ ಉಂಡ ನೋವು. ಅದಿಲ್ಲದಿದ್ದರೆ ಕಂಡದ್ದು ಪ್ರವಾಸಿಯ ಡೈರಿಯಾದೀತು, ಕೇಳಿದ್ದು ಹರಟೆಯಾದೀತು. ವಾಲೆಸ್ ಮೊದಲನೆಯದಿಲ್ಲದೆ ನಿಭಾಯಿಸಿದ. ಮೂರನೆಯದಿಲ್ಲದೆ ಯಾರೂ ನಿಭಾಯಿಸಿದ್ದಿಲ್ಲ.

ಪಡೆದದ್ದಕ್ಕೆ ಪ್ರತಿಯಾಗಿ ಲೇಖಕ ಕೊಡಬೇಕಾದದ್ದೂ ಇದೆ. ನೀರಿನಡಿ ಹೋದ ಹಳ್ಳಿಯ ಹೆಸರನ್ನು ಸರ್ಕಾರದ ವರದಿ ಒಂದು ಸಾಲಿನಲ್ಲಿ ಬರೆದು ಮುಂದಿನ ಪುಟಕ್ಕೆ ಹೋಗುತ್ತದೆ. ಅಲ್ಲಿ ಯಾರು ಯಾರನ್ನು ಪ್ರೀತಿಸಿದರು, ಕೊನೆಯ ರಾತ್ರಿ ಯಾವ ಮನೆಯಲ್ಲಿ ದೀಪ ಆರಲಿಲ್ಲ ಎಂಬುದನ್ನು ವರದಿ ಬರೆಯುವುದಿಲ್ಲ. ಲಿಂಗನಮಕ್ಕಿಯ ಹಳ್ಳಿಗಳಿಗೆ ಒಬ್ಬ ಗುಮಾಸ್ತನ ಕಣ್ಣು ದೊರೆಯಿತು, ದುರ್ಗದ ಕೋಟೆಗೆ ಒಬ್ಬ ಮಗನ ಅಭಿಮಾನ ದೊರೆಯಿತು. ಅವು ದೊರೆಯದಿದ್ದರೆ ಗಣಪಯ್ಯನಂಥವರ ದುಃಖ ಕಡತದೊಳಗೇ ಉಳಿಯುತ್ತಿತ್ತು, ವೆಂಕಟಸುಬ್ಬಯ್ಯನ ಹಾಡು ದುರ್ಗದ ಎಲ್ಲೆಯನ್ನು ದಾಟುತ್ತಿರಲಿಲ್ಲ.

ಮಾರಿಕಣಿವೆಯ ಕಟ್ಟೆಗೆ ನೂರು ವರ್ಷ ದಾಟಿ ಬಹುಕಾಲವಾಯಿತು. ಕಟ್ಟೆಯ ಮೇಲಿನ ಮಂಟಪದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಹೊಸದುರ್ಗದ ಕಡೆಗೆ ಚಾಚಿದ ನೀರು, ಪೂರ್ವಕ್ಕೆ ನೋಡಿದರೆ ಹಿರಿಯೂರಿನ ಹಸಿರು, ಬದಿಯಲ್ಲಿ ಮಾರಮ್ಮನ ಗುಡಿಯ ಗಂಟೆ. ನೋಡಲು ಬಂದವರು ಫೋಟೋ ತೆಗೆದುಕೊಂಡು ಬಸ್ಸಿನ ಹೊತ್ತಿಗೆ ಹೊರಡುತ್ತಾರೆ. ಕಥೆ ಬೇಕಾದವನು ಮಾತ್ರ ಒಂದು ಬಸ್ಸನ್ನು ಬಿಟ್ಟು, ಗುಡಿಯ ಕಟ್ಟೆಯ ಮೇಲೆ ಕುಳಿತ ಮುದುಕಿಯ ಪಕ್ಕದಲ್ಲಿ ಕುಳಿತು, ‘ಅಜ್ಜಿ, ನಿಮ್ಮ ಹಿರಿಯರ ಊರು ಯಾವುದು?’ ಎಂದು ಕೇಳಬೇಕು. ಉತ್ತರ ಹೇಳುವಾಗ ಅವಳ ಕೈ ನೀರಿನ ಕಡೆಗೆ ತೋರಿಸಿತೆಂದರೆ, ಕಾದಂಬರಿಯ ಮೊದಲ ಅಧ್ಯಾಯ ಅಲ್ಲಿಗೆ ಆರಂಭವಾಯಿತೆಂದೇ ತಿಳಿಯಬಹುದು.